ಪುರಪಿತೃಗಳಿಲ್ಲದ ಪೇಟೆ: ಮೋರಿ ಕಟ್ಟಿಕೊಂಡ್ರೆ ಯಾರನ್ನ ಕೇಳೋದು?

ವೈಟ್‌ಫೀಲ್ಡ್, ಪೀಣ್ಯ: ಅಂಗಡಿ ಮುಂದೆ ಮೋರಿ ಕಟ್ಟಿಕೊಂಡರೆ ಅಂಗಡಿಯವರು ಯಾರ ಮನೆ ಬಾಗಿಲು ತಟ್ಟಬೇಕು? ವಾರ್ಡಿನ ಕಾರ್ಪೊರೇಟರದು. ಆದರೆ 2020ರ ಸೆಪ್ಟೆಂಬರ್ 10ಕ್ಕೆ ಬೆಂಗಳೂರಿನ 198 ಪುರಪಿತೃಗಳ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದು ಕೂತರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು ಹುಟ್ಟಿದವು. ಈ ಐದು ವರ್ಷದಲ್ಲಿ ಒಂದೇ ಒಂದು ಪಾಲಿಕೆ ಚುನಾವಣೆ ನಡೆಯಲಿಲ್ಲ!

ಹೊರವಲಯದವರಿಗೆ ಕಾಯುವುದು ಹೊಸದಲ್ಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಮಹದೇವಪುರ, ದಾಸರಹಳ್ಳಿ ನಗರಸಭೆಗಳು ಹೋದವು. ಬೃಹತ್ ಪಾಲಿಕೆಗೆ ಮೊದಲ ಮತದಾನ ಆದದ್ದು ಮೂರು ವರ್ಷದ ಮೇಲೆ, 2010ರ ಮಾರ್ಚ್ 28ಕ್ಕೆ. ಬಿಜೆಪಿ 110ಕ್ಕೂ ಹೆಚ್ಚು ವಾರ್ಡು ಗೆದ್ದು ಮೇಯರ್ ಗಿರಿ ಹಿಡಿಯಿತು.

ಮುಂದಿನದು 2015ರ ಆಗಸ್ಟ್ 22. ಎಣಿಕೆಯಲ್ಲಿ ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜನತಾದಳಕ್ಕೆ 14. ಹೂವಿನ ಹಾರವೇನೋ ಬಿಜೆಪಿಯವರಿಗೆ ಬಿತ್ತು, ಮೇಯರ್ ಕುರ್ಚಿ ಸಿಗಲಿಲ್ಲ. ಏಕೆಂದರೆ ಮೇಯರ್ ಆಯ್ಕೆಗೆ ನಗರದ ಶಾಸಕರು, ಸಂಸದರೂ ಕೈ ಎತ್ತುತ್ತಾರೆ. ಅವರನ್ನೂ ಪಕ್ಷೇತರರನ್ನೂ ಕೂಡಿಸಿಕೊಂಡು ಕಾಂಗ್ರೆಸ್, ದಳ ಒಂದಾದವು. ಮಂಜುನಾಥ ರೆಡ್ಡಿ ಮೇಯರ್ ಆದರು. ವಾರ್ಡಿನ ಜನ ಒತ್ತಿದ ಗುಂಡಿಗೂ ಮೇಯರ್ ಗೌನಿಗೂ ಇಷ್ಟು ದೂರ!

ಇನ್ನು ಜನರ ಕಥೆ. ಎರಡು ಸಲವೂ ನೂರಕ್ಕೆ 50 ಮಂದಿ ಬೂತಿಗೆ ಬರಲಿಲ್ಲ. ಪೀಣ್ಯದ ಗಾರ್ಮೆಂಟ್ಸಿಗೆ ದುಡಿಯಲು ಬಂದ ಎಷ್ಟೋ ಹೆಣ್ಣುಮಕ್ಕಳ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿದೆ. ಬಾಡಿಗೆ ಇಲ್ಲಿ, ವೋಟು ಅಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶ ಪಾಲಿಕೆಗೇ ಸೇರಿರಲಿಲ್ಲ. ಅದಕ್ಕೆ 2013ರಿಂದ ಬೇರೆಯೇ ಟೌನ್‌ಶಿಪ್ ಪ್ರಾಧಿಕಾರ.

ಕಾರ್ಪೊರೇಟರ್ ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು ಅಂತ ಕೇಳುವವರಿದ್ದಾರೆ. ನ್ಯಾಯವೇ. 110 ಹಳ್ಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ, ಸೇರಿಸಿದ 17 ವರ್ಷಕ್ಕೆ. ನೀರು ಜಲಮಂಡಳಿಯ ಕೆಲಸ, ನಿಜ. ಆದರೆ ಟ್ಯಾಂಕರ್ ಬರದ ದಿನ ಖಾಲಿ ಕೊಡ ಹಿಡಿದು ಜಗಳ ಆಡಲು ಬೀದಿಯ ಹೆಂಗಸರಿಗೆ ಒಬ್ಬ ಗೊತ್ತಿದ್ದ. ಐದು ವರ್ಷಕ್ಕೊಮ್ಮೆ ಕೈ ಮುಗಿದು ಬರಲೇಬೇಕೆಂಬ ಭಯ ಅವನಿಗಿತ್ತು. ವರ್ಗವಾಗಿ ಹೋಗುವ ಅಧಿಕಾರಿಗೆ ಆ ಭಯ ಎಲ್ಲಿಯದು?

ಹೊಸ ವ್ಯವಸ್ಥೆಯಲ್ಲಿ ವೈಟ್‌ಫೀಲ್ಡ್ ಪೂರ್ವ ಪಾಲಿಕೆಗೆ ಸೇರಿತು. ಪಾಲಿಕೆ ಐದಾಗಲಿ, ಐವತ್ತಾಗಲಿ, ಪಟ್ಟಿಯಲ್ಲಿ ಹೆಸರಿಲ್ಲದವರ ಮೋರಿಯನ್ನು ಯಾವ ಪುರಪಿತೃವೂ ಬಗ್ಗಿ ನೋಡುವುದಿಲ್ಲ. ಅಂಗಡಿ ಲೈಸೆನ್ಸು, ಬಸ್ ಪಾಸು ಜೋಪಾನ ಮಾಡುವವರು ವೋಟಿನ ಚೀಟಿಯನ್ನೂ ಅದೇ ಡಬ್ಬದಲ್ಲಿ ಇಟ್ಟುಕೊಳ್ಳುವುದು ಲೇಸು.