ಮೊಮ್ಮಕ್ಕಳ ಹೆಸರಿನ ಕಟ್ಟೆಗಳು

ಮಕ್ಕಳೇ, ತಾತ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಸಂತೆಯಿಂದ ತಂದ ಕಡ್ಲೆಪುರಿ, ಪೊಟ್ಟಣ ಬಿಚ್ಚಿದರೆ ಘಮ್ಮೆನ್ನುವ ಮದ್ದೂರು ವಡೆ, ಹೆಗಲ ಮೇಲೆ ಕೂತು ನೋಡಿದ ಜಾತ್ರೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಒಬ್ಬ ತಾತ ಇದ್ದರು. ಅವರು ಕೊಟ್ಟ ಉಡುಗೊರೆಯೇ ಬೇರೆ. ಬೆಟ್ಟದಲ್ಲಿ ಕಟ್ಟೆ ತೋಡಿ, ಕೆಲವಕ್ಕೆ ದೇವರ ಹೆಸರನ್ನೂ ಕೆಲವಕ್ಕೆ ತಮ್ಮ ಮೊಮ್ಮಕ್ಕಳ ಹೆಸರನ್ನೂ ಇಟ್ಟರು. ಅವರೇ ಕಾಮೇಗೌಡರು. ನಾಡಿಗೆಲ್ಲ ಅವರು ‘ಕೆರೆ ಕಾಮೇಗೌಡ’. 2022ರ ಅಕ್ಟೋಬರ್ 17ರಂದು ಅವರು ತೀರಿಕೊಂಡರು. ಆಗ ಅವರಿಗೆ 80 ದಾಟಿತ್ತು.

ಮಂಡ್ಯ ಎಂದರೆ ಎಲ್ಲರೂ ಹೇಳುವುದು ಕಬ್ಬು, ಭತ್ತ, ಬೆಲ್ಲದ ಆಲೆಮನೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದದ್ದರಿಂದ ಈ ಹಸಿರು. ಮಳವಳ್ಳಿ ತಾಲ್ಲೂಕಿನಲ್ಲಂತೂ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಆದರೆ ನಾಲೆಯ ನೀರು ತಗ್ಗಿಗೆ ಹರಿಯುತ್ತದೆಯೇ ಹೊರತು ಬೆಟ್ಟ ಹತ್ತುವುದಿಲ್ಲ. ದಾಸನದೊಡ್ಡಿಯ ಪಕ್ಕದ ಬೆಟ್ಟಕ್ಕೆ ಮಳೆಯೊಂದೇ ಗತಿ. ಸುರಿದ ಮಳೆಯೂ ಕಲ್ಲಿನ ಮೇಲೆ ಜಾರಿ ಕೆಳಗೆ ಓಡಿಬಿಡುತ್ತಿತ್ತು.

ಕಾಮೇಗೌಡರು ಕುರಿ ಮೇಯಿಸುತ್ತಿದ್ದವರು. ಬೆಳಗ್ಗೆ ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋದರೆ ಸಂಜೆಯವರೆಗೂ ಅಲ್ಲೇ. ಬೇಸಗೆಯಲ್ಲಿ ಬಾಯಾರಿದರೆ ಮನುಷ್ಯ ಊರಿಗಿಳಿದು ಯಾರ ಮನೆಯಲ್ಲಾದರೂ ಒಂದು ಚೊಂಬು ನೀರು ಕೇಳಬಹುದು. ನವಿಲು ಯಾರನ್ನು ಕೇಳಬೇಕು? ಕಾಡುಹಂದಿ ಯಾರ ಬಾಗಿಲಿಗೆ ಹೋಗಬೇಕು? ಈ ಯೋಚನೆ ಅವರನ್ನು ಹಿಡಿದುಕೊಂಡಿತು. ಮೊದಲು ಕೈಗೆ ಸಿಕ್ಕ ಕೋಲಿನಿಂದಲೇ ನೆಲ ಕೆದಕಿದರು. ಅದು ಸಾಲದಾದಾಗ ಕುರಿ ಮಾರಿ ಹಾರೆ, ಗುದ್ದಲಿ ಕೊಂಡರು. ಒಂದು ಕಟ್ಟೆ ಆಯಿತು. ಮಳೆ ಬಂತು, ನೀರು ನಿಂತಿತು. ಮತ್ತೊಂದು ಶುರುವಾಯಿತು. ಹೀಗೆ ಸುಮಾರು 40 ವರ್ಷ ಅದೇ ಕೆಲಸ.

ಬೆಟ್ಟದ ಕಟ್ಟೆಯ ಲೆಕ್ಕ ಸುಲಭ, ಕೆಲಸ ಕಷ್ಟ. ಇಳಿಜಾರಿನಲ್ಲಿ ನೀರು ಎಲ್ಲಿ ಕೂಡಿ ಹರಿಯುತ್ತದೆ ಎಂದು ಮೊದಲು ನೋಡಬೇಕು. ಅಲ್ಲಿ ಗುಂಡಿ ತೋಡಿ, ತೋಡಿದ ಮಣ್ಣನ್ನು ತಗ್ಗಿನ ಕಡೆಗೆ ಏರಿಯಾಗಿ ಹಾಕಬೇಕು. ಮಣ್ಣು ಕುಸಿಯದಂತೆ ಕಲ್ಲು ಕಟ್ಟಬೇಕು. ಕುರಿಮರಿಯೂ ಇಳಿದು ಕುಡಿಯುವಂತೆ ಒಂದು ಬದಿ ಇಳಿಜಾರಾಗಿರಬೇಕು. ತುಂಬಿ ಹೆಚ್ಚಾದ ನೀರಿಗೆ ಕೋಡಿ ಬಿಟ್ಟರೆ ಅದು ಕೆಳಗಿನ ಕಟ್ಟೆಯನ್ನು ತುಂಬುತ್ತದೆ.

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಉದಾಹರಣೆಗೆ, 20 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳದ ಒಂದು ಗುಂಡಿ. ಗುಣಿಸಿದರೆ 1,000 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ಎಂದರೆ 28,000 ಲೀಟರ್ ನೀರು. ಒಂದು ಕುರಿಗೆ ದಿನಕ್ಕೆ 5 ಲೀಟರ್ ಬೇಕೆಂದುಕೊಳ್ಳೋಣ. 100 ಕುರಿಗಳ ಹಿಂಡಿಗೆ ಅದು ಎಷ್ಟು ದಿನ ಬಂದೀತು? 56 ದಿನ! ಬಿಸಿಲಿಗೆ ಆವಿಯಾಗುವುದು, ನೆಲಕ್ಕೆ ಇಂಗುವುದು ಬೇರೆ. ಇಂಗಿದ್ದೂ ನಷ್ಟವಲ್ಲ, ಅದು ಮರದ ಬೇರಿಗೆ, ಕೆಳಗಿನ ಬಾವಿಗೆ ಜಮೆ. ಕಾಮೇಗೌಡರು ಶಾಲೆಯಲ್ಲಿ ಈ ಗುಣಾಕಾರ ಕಲಿತವರಲ್ಲ. ಅವರಿಗೆ ಲೆಕ್ಕ ಕಲಿಸಿದ್ದು ಬೆಟ್ಟ ಮತ್ತು ಕುರಿ.

ಊರಿನಲ್ಲಿ ಕೆಲವರು ಇದನ್ನು ಹುಚ್ಚು ಎಂದರು. ಹಾಗೆನ್ನುವುದು ಸಹಜವೇ. ಸಂಸಾರಸ್ಥ ಮನುಷ್ಯ ಕುರಿ ಮಾರಿದರೆ ಮನೆ ಕಟ್ಟಿಸಬೇಕು, ಒಡವೆ ಮಾಡಿಸಬೇಕು, ನಾಲ್ಕು ಗುಂಟೆ ಜಮೀನು ಕೊಳ್ಳಬೇಕು. ಕಾಮೇಗೌಡರು ಇದ್ದದ್ದು ಸಣ್ಣ ಮನೆಯಲ್ಲಿ. ಪ್ರಶಸ್ತಿ ಬಂದಾಗ ಸಿಕ್ಕ ದುಡ್ಡನ್ನೂ ಮತ್ತೆ ಕಟ್ಟೆಗೇ ಹಾಕಿದರು. ಏರಿಯ ಸುತ್ತ ಆಲದ ಸಸಿ ನೆಟ್ಟರು. 2020ರ ಜೂನ್ 28ರಂದು ಪ್ರಧಾನಿಯವರು ಆಕಾಶವಾಣಿಯ ‘ಮನ್ ಕೀ ಬಾತ್’ನಲ್ಲಿ, ಇವರು 16 ಕಟ್ಟೆ ತೋಡಿದ್ದಾರೆಂದು ದೇಶಕ್ಕೆಲ್ಲ ಹೇಳಿದರು. ಸರ್ಕಾರಿ ಬಸ್ಸಿನಲ್ಲಿ ಜೀವನಪೂರ್ತಿ ಉಚಿತವಾಗಿ ಓಡಾಡುವ ಪಾಸ್ ಕೂಡ ಸಿಕ್ಕಿತು. ಬೆಟ್ಟಕ್ಕೆ ಮಾತ್ರ ನಡೆದೇ ಹತ್ತಬೇಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಠೇವಣಿ ಅರ್ಜಿಯಲ್ಲಿ ‘ನಾಮಿನಿ’ ಎಂಬ ಕಾಲಂ ಇರುತ್ತದೆ. ತಮ್ಮ ನಂತರ ಹಣ ಯಾರ ಕೈಗೆ ಸೇರಬೇಕು ಎಂದು ಬರೆಯುವ ಜಾಗ ಅದು. ಅಲ್ಲಿ ಮೊಮ್ಮಗುವಿನ ಹೆಸರು ಬರೆಸುವಾಗ ಎಷ್ಟೋ ತಾತಂದಿರ ಮುಖ ಅರಳುತ್ತಿತ್ತು. ಕಾಮೇಗೌಡರು ಆ ಹೆಸರನ್ನು ನೀರಿಗೆ ಇಟ್ಟರು. ಈ ಖಾತೆಯಿಂದ ನವಿಲೂ ತೆಗೆದುಕೊಳ್ಳಬಹುದು, ಪಕ್ಕದೂರಿನ ಕುರಿಯೂ ತೆಗೆದುಕೊಳ್ಳಬಹುದು, ಸಹಿ ಬೇಡ. ಮನೆಯ ಮಕ್ಕಳ ಹೆಸರನ್ನೇ ಇಟ್ಟು ನೀರನ್ನು ಎಲ್ಲರಿಗೂ ಬಿಟ್ಟದ್ದರಿಂದ ಆ ಸಂಸಾರ ಬೆಟ್ಟದಷ್ಟು ದೊಡ್ಡದಾಯಿತು.

ಆದರೆ ಬ್ಯಾಂಕಿನ ಠೇವಣಿ ಸುಮ್ಮನೆ ಬಿಟ್ಟರೆ ಬೆಳೆಯುತ್ತದೆ, ಕಟ್ಟೆ ಸುಮ್ಮನೆ ಬಿಟ್ಟರೆ ಕರಗುತ್ತದೆ. ಪ್ರತಿ ಮಳೆಗೂ ಹೂಳು ಬಂದು ಕೂರುತ್ತದೆ. ಏರಿಯ ಕಲ್ಲು ಜರುಗುತ್ತದೆ, ಕೋಡಿಯಲ್ಲಿ ಮುಳ್ಳುಗಿಡ ಬೆಳೆಯುತ್ತದೆ. ಹೂಳು ತೆಗೆಯುವವರಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಬರೀ ತಗ್ಗು ಉಳಿದೀತು. ಹೆಸರು ಯಾರ ನೆನಪಿನಲ್ಲಿ ಇದ್ದೀತು? ಕಾಮೇಗೌಡರನ್ನು ನೆನೆಯಲು ಹಾರ, ಫೋಟೊ ಸಾಲವು. ಬೇಸಗೆ ಮುಗಿಯುವ ಮೊದಲು ನಾಲ್ಕು ಮಂಕರಿ ಹೂಳು ಎತ್ತಬೇಕು.

ಇದು ದಾಸನದೊಡ್ಡಿಯವರ ಕೆಲಸ ಮಾತ್ರ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರೂರಿನಲ್ಲೂ ಹೆಸರಿರುವ ಕಟ್ಟೆಗಳಿವೆ: ಗೋಕಟ್ಟೆ, ಅಯ್ಯನಕಟ್ಟೆ, ಯಾರೋ ಹಿರಿಯಳು ತೋಡಿಸಿದ ಅಮ್ಮನಕಟ್ಟೆ. ಮಕ್ಕಳೇ, ಈ ಭಾನುವಾರ ತಾತನನ್ನೋ ಅಜ್ಜಿಯನ್ನೋ ಕೇಳಿ: ನಮ್ಮೂರಿನ ಕಟ್ಟೆಗೆ ಏನು ಹೆಸರು, ಅದನ್ನು ತೋಡಿಸಿದವರು ಯಾರು, ಈಗ ಅದರಲ್ಲಿ ನೀರಿದೆಯೇ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಿರಿಯರೇ, ಮಂಡಿನೋವು ಇದ್ದರೂ ಸರಿ, ಒಮ್ಮೆ ಮಕ್ಕಳ ಕೈ ಹಿಡಿದು ಆ ಕಟ್ಟೆಯ ಏರಿಯವರೆಗೆ ನಡೆದು ಬನ್ನಿ. ನೀರಿಗೆ ಮಾತ್ರ ದೊಡ್ಡವರಿಲ್ಲದೆ ಯಾರೂ ಇಳಿಯಬೇಡಿ.