ಮುಪ್ಪಿನ ಲೆಕ್ಕಕ್ಕೆ ಸಿಗದ ಇಲಿ

ಇಥಿಯೋಪಿಯ, ಕೆನ್ಯಾ, ಸೊಮಾಲಿಯಗಳ ಒಣನೆಲದಡಿ ಗುಂಪುಗುಂಪಾಗಿ ಬದುಕುವ ನೇಕೆಡ್ ಮೋಲ್ ರ್ಯಾಟ್‌ಗೆ ಮೈಮೇಲೆ ತುಪ್ಪಳವಿಲ್ಲ, ಕಣ್ಣಿದ್ದೂ ಇಲ್ಲದಂತೆ. ಮುಂದಕ್ಕೆ ಚಾಚಿದ ಹಲ್ಲುಗಳಿಂದಲೇ ಸುರಂಗ ತೋಡುತ್ತದೆ. ಹೆಚ್ಚುಕಡಿಮೆ ಇದೇ ಗಾತ್ರದ ಮನೆಯ ಸಣ್ಣ ಇಲಿ ಎಷ್ಟೇ ಆರೈಕೆ ಮಾಡಿದರೂ ನಾಲ್ಕು ವರ್ಷ ದಾಟುವುದು ಅಪರೂಪ. ಮೋಲ್ ರ್ಯಾಟ್ 30 ವರ್ಷ ಮೀರಿ ಬದುಕಿದೆ.

ಆದರೆ ಸಂಖ್ಯಾಶಾಸ್ತ್ರಜ್ಞರು ಬೆರಗಾದದ್ದು ಇದರ ದೀರ್ಘಾಯುಷ್ಯಕ್ಕಲ್ಲ. 1825ರಲ್ಲಿ ಲಂಡನ್ನಿನ ವಿಮಾ ಗಣಿತಜ್ಞ ಬೆಂಜಮಿನ್ ಗಾಂಪರ್ಟ್ಜ್ ಮರಣ ಪಟ್ಟಿಗಳನ್ನು ಜಾಲಾಡಿ ಒಂದು ನಿಯಮ ಕಂಡುಕೊಂಡಿದ್ದ: ಪ್ರಾಯಕ್ಕೆ ಬಂದ ಮೇಲೆ ಸಾವಿನ ಸಂಭವ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಮನುಷ್ಯರಲ್ಲಿ ಅದು ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅಂದರೆ ಮೂವತ್ತರಲ್ಲಿದ್ದ ಅಪಾಯ ಎಪ್ಪತ್ತರ ಹೊತ್ತಿಗೆ 32 ಪಟ್ಟು. ಅಪಘಾತದಂಥ, ವಯಸ್ಸು ನೋಡದ ಸಾವುಗಳಿಗಾಗಿ 1860ರಲ್ಲಿ ಇನ್ನೊಬ್ಬ ವಿಮಾ ಗಣಿತಜ್ಞ ಮೇಕ್‌ಹ್ಯಾಮ್ ಇದಕ್ಕೊಂದು ಸ್ಥಿರಾಂಕ ಸೇರಿಸಿದ. ಸಸ್ತನಿಗಳೆಲ್ಲ ಈ ಸೂತ್ರಕ್ಕೆ ತಲೆಬಾಗುತ್ತವೆ ಎಂಬುದೇ ನಂಬಿಕೆಯಾಗಿತ್ತು.

2018ರಲ್ಲಿ ಜೀವವಿಜ್ಞಾನಿ ರೋಶೆಲ್ ಬಫೆನ್‌ಸ್ಟೈನ್ ಮತ್ತು ಸಂಗಡಿಗರು ದಶಕಗಳಿಂದ ಸಾಕಿದ 3,000ಕ್ಕೂ ಹೆಚ್ಚು ಮೋಲ್ ರ್ಯಾಟ್‌ಗಳ ದಾಖಲೆ ಬಿಚ್ಚಿದರು. ಆರು ತಿಂಗಳಿಗೆ ಪ್ರಾಯಕ್ಕೆ ಬಂದ ಮೇಲೆ ಇವುಗಳ ಸಾವಿನ ಸಂಭವ ದಿನಕ್ಕೆ ಸುಮಾರು 10,000ಕ್ಕೆ ಒಂದು. ವಯಸ್ಸು ಏರಿದರೂ ಅದು ಏರಲೇ ಇಲ್ಲ!

ಹಾಗೆಂದು ಇವು ಅಮರವಲ್ಲ. ಮುಪ್ಪಿಲ್ಲದಿರುವುದೂ ಸಾವಿಲ್ಲದಿರುವುದೂ ಒಂದೇ ಅಲ್ಲ. ಅಪಾಯ ಎಂದೂ ಏರದಿದ್ದರೂ ಇದೇ ದರದಲ್ಲಿ 19 ವರ್ಷ ಕಳೆಯುವಷ್ಟರಲ್ಲಿ ಗುಂಪಿನ ಅರ್ಧ ಸತ್ತಿರುತ್ತದೆ.

ಲೆಕ್ಕದ ನಿಜವಾದ ತೊಡಕು ಬೇರೆಡೆ ಇದೆ. ದಾಖಲೆಯಲ್ಲಿದ್ದ ಬಹಳಷ್ಟು ಇಲಿಗಳು ತಾವಾಗಿ ಸಾಯಲಿಲ್ಲ. ಪ್ರಯೋಗಕ್ಕೆ ಬಲಿಯಾದವು, ಇಲ್ಲವೇ ಬೇರೆ ಪ್ರಯೋಗಾಲಯಕ್ಕೆ ಹೋದವು. ಹನ್ನೆರಡನೆಯ ವರ್ಷಕ್ಕೆ ಹೀಗೆ ಹೊರಹೋದ ಇಲಿಯನ್ನು ಏನೆಂದು ಬರೆಯುವುದು? ಸತ್ತಿತೆಂದರೆ ಸುಳ್ಳು. ಪಟ್ಟಿಯಿಂದ ಹೊಡೆದು ಹಾಕಿದರೆ ಅದು ಬದುಕಿದ ಹನ್ನೆರಡು ವರ್ಷವೇ ಮಾಯ. 1958ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಕಪ್ಲಾನ್ ಮತ್ತು ಮೈಯರ್ ಕೊಟ್ಟ ವಿಧಾನ ಇಲ್ಲಿ ಕೈಹಿಡಿಯುತ್ತದೆ. ಆ ಇಲಿ ಇದ್ದಷ್ಟು ದಿನ ಬದುಕಿದ್ದವುಗಳ ಸಾಲಿನಲ್ಲಿ ಎಣಿಕೆಯಾಗುತ್ತದೆ. ಮರುದಿನದಿಂದ ಬದುಕಿದ್ದವುಗಳಲ್ಲೂ ಇಲ್ಲ, ಸತ್ತವುಗಳಲ್ಲೂ ಇಲ್ಲ. ನನಗೆ ಇದು ಇಡೀ ಸಂಖ್ಯಾಶಾಸ್ತ್ರದಲ್ಲೇ ಅತ್ಯಂತ ಪ್ರಾಮಾಣಿಕವಾದ ಯುಕ್ತಿ ಅನ್ನಿಸುತ್ತದೆ.

ಆದರೂ ತಕರಾರು ಬಂತು. 2019ರಲ್ಲಿ ಬೇರೊಂದು ತಂಡ, ಹೀಗೆ ನಡುವೆಯೇ ಹೊರಹೋದವು ಇಷ್ಟೊಂದಿದ್ದು, ಇಳಿವಯಸ್ಸಿನವು ಕೆಲವೇ ಇರುವಾಗ ಮುಪ್ಪೇ ಇಲ್ಲವೆಂದು ತೀರ್ಪು ಕೊಡುವುದು ಅವಸರವಾಯಿತು ಎಂದಿತು. ಆಕ್ಷೇಪ ನ್ಯಾಯವಾದದ್ದೇ. ಇಪ್ಪತ್ತೈದು ವರ್ಷ ದಾಟಿದ ಮೇಲೆ ಸಾವಿನ ಸಂಭವದ ರೇಖೆ ಮೇಲೇಳುತ್ತದೋ ಇಲ್ಲವೋ ಎಂದು ಖಚಿತವಾಗಬೇಕಾದರೆ, ಇಂದಿನ ಮರಿಗಳಲ್ಲಿ ಸಾಕಷ್ಟನ್ನು ಯಾರೂ ಪ್ರಯೋಗಕ್ಕೆ ಎತ್ತಿಕೊಳ್ಳದೆ ಕೊನೆಯುಸಿರಿನವರೆಗೂ ಸಾಕಬೇಕು.