ಬೇವಿನ ಹೂವು: ಚೆನ್ನೈಯಲ್ಲಿ ಎರಡು ಯುಗಾದಿ

ಫಾಲ್ಗುಣ ಕಳೆದು ಚೈತ್ರವು ಕಾಲಿಡುವ ಹೊತ್ತಿಗೆ ಚೆನ್ನೈ ನಗರದ ಬೇವಿನ ಮರಗಳು ಹಳೆಯ ಎಲೆಗಳನ್ನು ಉದುರಿಸಿ ತಾಮ್ರವರ್ಣದ ಚಿಗುರನ್ನು ತಳೆಯುತ್ತವೆ. ಅದರ ಬೆನ್ನಿಗೇ ಸಣ್ಣ ಬಿಳಿಯ ಹೂಗೊಂಚಲುಗಳು. ಮೈಲಾಪುರದ ಮಾಡವೀದಿಗಳಲ್ಲಿ ಹೂ ಮಾರುವ ಹೆಂಗಸರ ಬುಟ್ಟಿಗಳಲ್ಲಿ ಮಲ್ಲಿಗೆಯ ಪಕ್ಕದಲ್ಲಿ ಇವೂ ಸ್ಥಾನ ಪಡೆಯುತ್ತವೆ. ಕನ್ನಡದ ಗೃಹಿಣಿಯು ‘ವೇಪ್ಪಂಪೂ’ ಎಂದು ಕೇಳಿ ಕೊಂಡು ತರುವುದು ತನ್ನ ತಾಯಿಯ ಮನೆಯ ಹಿತ್ತಲಿನಲ್ಲಿ ಬೆಲೆಯಿಲ್ಲದೆ ಸಿಗುತ್ತಿದ್ದ ವಸ್ತುವನ್ನೇ.

ಚಾಂದ್ರಮಾನ ಯುಗಾದಿಯ ದಿನ ಬೇವಿನೆಲೆ ಹಾಕಿದ ನೀರಿನಲ್ಲಿ ಅಭ್ಯಂಜನ, ಬಾಗಿಲಿಗೆ ಮಾವು-ಬೇವಿನ ತೋರಣ, ಪಂಚಾಂಗ ಶ್ರವಣ, ಬಳಿಕ ಬೇವು-ಬೆಲ್ಲದ ಸೇವನೆ. ಬೇವನ್ನು ತಿನ್ನುವಾಗ ಹೇಳುವ ಸಂಸ್ಕೃತ ಶ್ಲೋಕವು ನೂರು ವರ್ಷದ ಆಯುಸ್ಸನ್ನೂ ವಜ್ರದಂಥ ದೇಹವನ್ನೂ ಬೇಡುತ್ತದೆ. ಕೆಲವರ ಮನೆಯಲ್ಲಿ ಹೂವು, ಬೆಲ್ಲ, ಹುರಿಗಡಲೆ ಅಷ್ಟೇ. ನೆರೆಯ ತೆಲುಗರು ಇದಕ್ಕೆ ಮಾವಿನಕಾಯಿ, ಹುಣಸೆ, ಉಪ್ಪು, ಖಾರಗಳನ್ನೂ ಕೂಡಿಸಿ ಆರು ರುಚಿಯ ಪಚ್ಚಡಿ ಮಾಡುವರು. ಯೆಹೂದ್ಯರು ಸಹ ತಮ್ಮ ವಸಂತದ ಪಸ್ಕ ಹಬ್ಬದ ಊಟದಲ್ಲಿ ಕಹಿ ಸೊಪ್ಪನ್ನು ತಿನ್ನುವ ನಿಯಮವುಂಟು.

ಇಲ್ಲಿ ನೆಲಸಿದ ಕನ್ನಡಿಗರ ಭಾಗ್ಯವೆಂದರೆ ಬೇವು ಎರಡು ಸಲ ಬರುವುದು. ಏಪ್ರಿಲ್ 14ರ ಸುಮಾರಿಗೆ ತಮಿಳರ ಸೌರಮಾನ ಹೊಸವರ್ಷ. ಅಂದು ನೆರೆಮನೆಯಿಂದ ಮಾವಿನಕಾಯಿ ಪಚ್ಚಡಿಯ ಬಟ್ಟಲು ಬರುತ್ತದೆ: ಬೆಲ್ಲದಲ್ಲಿ ಬೆಂದ ಹೋಳುಗಳ ಮೇಲೆ ತುಪ್ಪದಲ್ಲಿ ಹುರಿದ ಬೇವಿನ ಹೂವು. ಈ ಹೂವನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು ಕೊನೆಯಲ್ಲಿ ಸಾರಿಗೆ ಬೆರೆಸಿದರೆ ಕಹಿಯು ಹಿತವಾಗುತ್ತದೆ. (ತಮಿಳುನಾಡು ಸರಕಾರವು 2008ರಲ್ಲಿ ಹೊಸವರ್ಷವನ್ನು ತೈ ತಿಂಗಳಿಗೆ ಒಯ್ದು, 2011ರಲ್ಲಿ ಮರಳಿ ಚಿತ್ತಿರೈಗೆ ತಂದಿತು. ಬೇವಿನ ಮರ ಮಾತ್ರ ತನ್ನ ಕಾಲಕ್ಕೇ ಹೂ ಬಿಟ್ಟಿತು!)

ಬೇವಿನ ಗುಣಗಳನ್ನು ವಿಜ್ಞಾನವೂ ಅಲ್ಲಗಳೆದಿಲ್ಲ. ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿಯವರು 1942ರಲ್ಲಿ ಬೇವಿನೆಣ್ಣೆಯಿಂದ ನಿಂಬಿನ್ ಎಂಬ ಕಹಿ ದ್ರವ್ಯವನ್ನು ಬೇರ್ಪಡಿಸಿದರು. ಕೀಟಗಳನ್ನು ತಡೆಯುವ ಅಜಾಡಿರಾಕ್ಟಿನ್ 1968ರಲ್ಲಿ ದೊರೆಯಿತು. ಆದರೆ ಕೀಟಕ್ಕೆ ವಿಷವಾಗಬಲ್ಲ ವಸ್ತುವಿನ ಪ್ರಮಾಣದ ಬಗ್ಗೆ ಮನುಷ್ಯನೂ ಎಚ್ಚರದಿಂದಿರಬೇಕಷ್ಟೆ. ಹಬ್ಬದಲ್ಲಿ ನಾವು ತಿನ್ನುವುದು ಒಂದು ಚಿಟಿಕೆ ಹೂವು ಅಥವಾ ಎರಡು ಚಿಗುರೆಲೆ, ಅದೂ ವರ್ಷಕ್ಕೊಮ್ಮೆ. ಅಷ್ಟರಿಂದ ವರ್ಷವಿಡೀ ರೋಗ ಬಾರದೆಂದು ನಂಬಿ, ಮಕ್ಕಳಿಗೆ ಹಾಕಿಸಬೇಕಾದ ಲಸಿಕೆಯನ್ನು ಮುಂದೂಡುವುದು ತರವಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇವಿನೆಣ್ಣೆಯದು. ಹೂವು ಒಳ್ಳೆಯದಾದರೆ ಬೀಜದ ಎಣ್ಣೆ ಇನ್ನೂ ಒಳ್ಳೆಯದೆಂದು ಭಾವಿಸಿ ಹಸುಗೂಸುಗಳಿಗೆ ಶೀತ, ಹೊಟ್ಟೆನೋವುಗಳಿಗೆ ಕುಡಿಸುವ ಹಿರಿಯರುಂಟು. ಹೀಗೆ ಎಣ್ಣೆ ಕುಡಿದ ಮಕ್ಕಳಲ್ಲಿ ವಾಂತಿ, ಮಂಪರು, ಏದುಸಿರು, ಫಿಟ್ಸ್ ಕಾಣಿಸಿಕೊಂಡು ಮಿದುಳು ಮತ್ತು ಯಕೃತ್ತಿಗೆ ಕೇಡಾದುದನ್ನು ಮಲೇಷ್ಯಾದ ವೈದ್ಯರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಕೂಸಿಗೆ ಬೇವಿನೆಣ್ಣೆಯನ್ನು ಒಂದು ತೊಟ್ಟೂ ಕುಡಿಸಕೂಡದು. ಕುಡಿಸಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರು ಬೇವಿನ ರಸ, ಎಣ್ಣೆಗಳಿಂದ ದೂರವಿರುವುದು ಲೇಸು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ದಿನವೂ ಬೇವಿನ ರಸ ಸೇವಿಸಿದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿಯಬಹುದಾದ್ದರಿಂದ ವೈದ್ಯರನ್ನು ಕೇಳದೆ ಆರಂಭಿಸಬಾರದು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಅವರಿಗೆ ಹಬ್ಬದ ದಿನ ಯಾರೂ ನೆನಪಿಸುವುದಿಲ್ಲ!

ಗುರುತು ತಪ್ಪುವುದೂ ಉಂಟು. ಬೇವನ್ನು ಹೋಲುವ ಹುಚ್ಚುಬೇವಿನ ಹೂವು ನಸುನೇರಳೆ ಬಣ್ಣದ್ದು, ಅದರ ಕಾಯಿ ವಿಷಕರ. ಬಿಳಿಯ ಹೂವನ್ನೇ ನೋಡಿ ಆರಿಸಬೇಕು.

2016ರ ಡಿಸೆಂಬರಿನ ವರ್ಧಾ ಚಂಡಮಾರುತಕ್ಕೆ ನಗರದ ಎಷ್ಟೋ ಮರಗಳು ಉರುಳಿದವು. ಉಳಿದಿರುವ ಮರ ಮನೆಯ ಆವರಣದಲ್ಲಿದ್ದರೆ, ರಾತ್ರಿ ಅದರ ಕೆಳಗೆ ಹಳೆಯ ಪಂಚೆಯನ್ನು ಹಾಸಿಟ್ಟು ಬೆಳಿಗ್ಗೆ ಉದುರಿದ ಹೂವನ್ನು ಒಟ್ಟುಮಾಡಬಹುದು. ವಾಹನಗಳ ಹೊಗೆ ಕುಡಿಯುವ ರಸ್ತೆಬದಿಯ ಮರದ ಹೂವು ಬೇಡ. ಆರಿಸಿ, ತೊಳೆದು, ಗರಿಗರಿಯಾಗುವಂತೆ ಒಣಗಿಸಿ ಗಾಜಿನ ಶೀಸೆಯಲ್ಲಿಟ್ಟರೆ ವರ್ಷವಿಡೀ ಬರುತ್ತದೆ. 2026ರಂತೆ ಯುಗಾದಿಯು ಮಾರ್ಚ್ 19ರಷ್ಟು ಬೇಗ ಬಂದು, ಮರವಿನ್ನೂ ಹೂ ಬಿಡದಿದ್ದಾಗ ಬೇವು-ಬೆಲ್ಲಕ್ಕೆ ಒದಗುವುದು ಆ ಶೀಸೆಯೇ.